ಬೆನ್ನಿನ ಮಣ್ಣು

ಕುಣಿಗಲ್ಲಿನ ನಮ್ಮ ಗರಡಿ ಮನೆಯ ಉಸ್ತಾದರಿಗೆ ಸೋತವರ ಚಿಂತೆಯಿರಲಿಲ್ಲ, ಗೆದ್ದವರ ಮೇಲೇ ಕಣ್ಣು. ಎದುರಾಳಿಯನ್ನು ಕೆಡವಿದವನು ತೊಡೆ ತಟ್ಟಿಕೊಂಡು ನಿಂತರೆ ಟವೆಲ್ಲು ಅವನ ಮುಖಕ್ಕೇ ಬಂದು ಬೀಳುತ್ತಿತ್ತು.

"ಅವನ ಬೆನ್ನು ಅವನಿಗೆ ಕಾಣಲ್ಲ ಕಣ್ಲಾ. ನೀನೇ ಒರ್ಸು."

ಬಿದ್ದವನ ಬೆನ್ನಿನ ಮಣ್ಣನ್ನು ಕೆಡವಿದವನೇ ಒರೆಸಬೇಕು. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಕುಸ್ತಿ ಮುಗಿದಂತಲ್ಲ. ನನಗಂತೂ ಗೆದ್ದ ಖುಷಿಯೆಲ್ಲ ಆ ಟವೆಲ್ಲಿನಲ್ಲೇ ಹೋಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ, ಹೊಸ ಪಟ್ಟು ಹೇಳಿಕೊಡಲು ಅವರೇ ನನ್ನೆದುರು ಅಖಾಡಕ್ಕಿಳಿದರು. ಹೇಗಾಯಿತೋ, ಅದೇ ಪಟ್ಟಿಗೆ ಅವರು ಅಂಗಾತ ಬಿದ್ದರು. ನಾನು ಹೆದರಿ ಅವರ ಕಾಲು ಮುಟ್ಟಲು ಬಗ್ಗಿದೆ.

"ಕಾಲು ಜಾರ್ತು ಅಲ್ವಾ ಉಸ್ತಾದ್ರೆ?"

"ಜಾರ್ಲಿಲ್ಲ. ನೀನೇ ಕೆಡವಿದ್ದು." ಎದ್ದು, ನನಗೆ ಬೆನ್ನು ಮಾಡಿ ಕೂತರು. "ಕಾಲು ಆಮೇಲೆ ಮುಟ್ಟು. ನನ್ ಬೆನ್ನೂ ನಂಗೆ ಕಾಣಲ್ಲ ಕಣ್ಲಾ."

ಟವೆಲ್ಲು ತಂದೆ. ಆ ಬೆನ್ನಿಗೆ ಮಣ್ಣು ಮೆತ್ತಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಆ ಬೆನ್ನು ಇಷ್ಟು ಸಣ್ಣದಾಗಿದೆ ಎಂದೂ ಗೊತ್ತಿರಲಿಲ್ಲ. ಮಣ್ಣೆಲ್ಲ ಹೋದ ಮೇಲೂ ನನ್ನ ಕೈ ಒರೆಸುತ್ತಲೇ ಇತ್ತು. ಅವರೂ ಸಾಕು ಎನ್ನಲಿಲ್ಲ.