ಶೇಂಗಾ ಆಗದ ಕೂಸು

ನಾನು ಹಿರೇವಡ್ಡಟ್ಟಿಯಲ್ಲಿ ಹುಟ್ಟಿದವಳು. ಹೊಲದಲ್ಲಿ ಶೇಂಗಾ, ಅಟ್ಟದ ಮೇಲೆ ಶೇಂಗಾ, ರೊಟ್ಟಿಗೆ ನಂಚಲು ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬರುವಾಗ ನನ್ನ ಹಿಂದೆ ಒಂದು ಚೀಲ ಶೇಂಗಾವೂ ಬಂದಿತ್ತು. ಅಂಥವಳ ಹೊಟ್ಟೆಯಲ್ಲಿ ಶೇಂಗಾ ಆಗದ ಮಗಳು ಹುಟ್ಟಿದಳು. ದೇವರಿಗೆ ಚೇಷ್ಟೆ ಮಾಡಲು ಬೇರೆ ಮನೆ ಸಿಗಲಿಲ್ಲವೇನೋ!

ಅವಳ ಮೈಮೇಲೆ ಆಗಾಗ ಗಂಧೆ ಏಳುತ್ತಿತ್ತು. ಇರುವೆ ಕಚ್ಚಿರಬೇಕು ಎಂದು ನಾವು ಸುಮ್ಮನಾಗುತ್ತಿದ್ದೆವು. ಮೂರು ವರ್ಷದವಳಿದ್ದಾಗ ಪಂಚಮಿ ಹಬ್ಬಕ್ಕೆ ನಮ್ಮ ಅತ್ತೆ ಅವಳ ಕೈಗೆ ಒಂದು ಶೇಂಗಾ ಉಂಡಿ ಇಟ್ಟರು. ಅರ್ಧ ತಿಂದಿರಲಿಲ್ಲ, ತುಟಿ ಬಾತವು, ಕಣ್ಣು ಮುಚ್ಚಿಕೊಂಡವು, ಉಸಿರು ಸೀಟಿ ಹೊಡೆಯತೊಡಗಿತು. ನಮ್ಮೂರ ಡಾಕ್ಟರು ಇಂಜೆಕ್ಷನ್ ಕೊಟ್ಟು, ಜಲ್ದಿ ಗದಗಿಗೆ ಒಯ್ಯಿರಿ ಎಂದರು. ಬಾಡಿಗೆ ಟ್ರ್ಯಾಕ್ಸ್ ಗಾಡಿಯಲ್ಲಿ ಅವಳನ್ನು ಎದೆಗೆ ಅವಚಿಕೊಂಡು ಕೂತ ಆ ದಾರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಗದಗಿನ ದೊಡ್ಡ ಡಾಕ್ಟರು ಮಗು ಉಳಿದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು, "ನೋಡಮ್ಮ, ಇನ್ನೊಮ್ಮೆ ಒಂದು ಕಾಳು ಹೋದರೂ ಇಲ್ಲಿ ತನಕ ಬರಲು ಟೈಮ್ ಸಿಗದೆ ಇರಬಹುದು."

ಮರುದಿನ ಬೆಳಿಗ್ಗೆ ಅತ್ತೆ ಮನೆಯ ಡಬ್ಬಿಗಳನ್ನೆಲ್ಲ ಹೊರಗೆ ತಂದರು. ಹಿಂಡಿ, ಪುಡಿ, ಹಸಿ ಕಾಳು, ಎಣ್ಣೆ, ಎಲ್ಲವೂ ಪಕ್ಕದ ಮನೆಗೆ ಹೋದವು. "ಅರವತ್ತ ವರ್ಷ ತಿಂದೀನಿ, ಸಾಕು. ಕೂಸಿಗಿಂತ ಹಿಂಡಿ ಹೆಚ್ಚೇನು?" ಎಂದರು. ಅಷ್ಟೇ. ಮತ್ತೆ ಅದರ ಮಾತೆತ್ತಲಿಲ್ಲ. ನಾನೂ ಹೂಂ ಅಂದೆ. ಆದರೆ ಖರೆ ಹೇಳುತ್ತೇನೆ, ನನ್ನ ನಾಲಿಗೆ ಹೂಂ ಅಂದಿರಲಿಲ್ಲ.

ಮಗಳು ಒಂದನೇ ಇಯತ್ತೆಗೆ ಬಂದಳು. ಗದಗ ಜಿಲ್ಲೆಯಾಗಿ ಕೆಲವು ವರ್ಷವಾಗಿದ್ದವು, ಅತ್ತೆ ಮಾತ್ರ ಇನ್ನೂ "ನಮ್ಮ ಧಾರವಾಡ ಜಿಲ್ಲಾ" ಎನ್ನುತ್ತಿದ್ದರು. ಶಾಲೆಗಳಲ್ಲಿ ಬಿಸಿಯೂಟ ಆಗತಾನೆ ಸುರುವಾಗಿತ್ತು. ನಮ್ಮ ಶಾಲೆಯ ಅಡುಗೆ ಮಾಡುತ್ತಿದ್ದವಳು ಒಬ್ಬ ಮುಸಲ್ಮಾನ ಹೆಂಗಸು. ಮಕ್ಕಳಿಗೆಲ್ಲ ಅವಳು ಚಾಚಿ. ದೊಡ್ಡ ದನಿ, ಅದಕ್ಕಿಂತ ದೊಡ್ಡ ಸೌಟು. ನಾನು ಹೆಡ್‌ಮಾಸ್ತರರ ಮುಂದೆ ನಿಂತು, "ಗುರುಗಳ, ನನ್ನ ಮಗಳಿಗೆ ಶೇಂಗಾ ತಾಕಿದ್ರ ನಾ ನಿಮ್ಮ ಶಾಲಿ ಬಾಗಲಾ ಹಾಕಸ್ತೇನಿ" ಎಂದು ಹೇಳಿಯೇ ಮಗಳನ್ನು ಸೇರಿಸಿದ್ದು. ಪಾಪ, ಅವರು ಬಹಳ ಸೈರಣೆಯ ಮನುಷ್ಯ. ಕುಂಡ್ರಿ ಎಂದು ನೀರು ಕೊಟ್ಟರು.

ನನ್ನದೊಂದು ಕುಪ್ಪಸ ಹೊಲಿಯುವ ಅಂಗಡಿ ಇತ್ತು. ದಿನಾ ಮಧ್ಯಾಹ್ನ ಅದರ ಬಾಗಿಲು ಎಳೆದು ಶಾಲೆಗೆ ಓಡುತ್ತಿದ್ದೆ. ಬೇವಿನ ಗಿಡದ ಕೆಳಗೆ ಮಗಳನ್ನು ಬೇರೆ ಕೂರಿಸಿ ಮನೆಯ ಬುತ್ತಿ ಬಿಚ್ಚಿ ಉಣಿಸುತ್ತಿದ್ದೆ. ಉಳಿದ ಮಕ್ಕಳು ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತ ನಮ್ಮನ್ನೇ ನೋಡುತ್ತಿದ್ದವು. ಒಂದು ದಿನ ಮಗಳು ಮುಖ ದಪ್ಪ ಮಾಡಿಕೊಂಡು ಹೇಳಿದಳು, "ಅವ್ವಾ, ನೀ ಬರಬ್ಯಾಡ. ನಿಮ್ಮವ್ವ ಪೊಲೀಸ ಅದಾಳ ಅಂತಾರ ಎಲ್ಲಾರೂ." ನಾನು ಬೈದೆ, ಬಾಯಿ ಮುಚ್ಚಿ ಉಣ್ಣು ಎಂದು.

ಆದರೆ ಮರುದಿನ, ಸರಿ, ಅವಳನ್ನೂ ಸಾಲಿನಲ್ಲಿ ಕೂರಿಸಬಹುದೇ ನೋಡೋಣ ಎಂದು ಅಡುಗೆ ಕೋಣೆಗೆ ಹೋದೆ. "ಸಾರಿಗೆ ಶೇಂಗಾ ಹಾಕೀಯೇನ ಚಾಚಿ?"

"ಇಲ್ರಿ ಅಕ್ಕಾರ, ಶೇಂಗಾ ಯಾಕ ಹಾಕ್ಲಿ?" ಎನ್ನುತ್ತಲೇ ಅವಳು ಒಂದು ತಗಡಿನ ಡಬ್ಬಿಯಿಂದ ಎರಡು ಹಿಡಿ ಪುಡಿ ತೆಗೆದು ಕುದಿಯುವ ಸಾರಿಗೆ ಸುರಿದಳು. ನನ್ನ ಕಣ್ಣ ಮುಂದೆಯೇ!

"ಅದೇನ ಮತ್ತ?"

"ಅದು ಪುಡಿರೀ. ಶಾಲಿ ಬ್ಯಾಳಿ ಬರೇ ನೀರ್ ನೀರ ಆಗ್ತೈತಿ, ಹುಡುಗ್ರಿಗೆ ರುಚಿ ಹತ್ತಂಗಿಲ್ಲ. ಅದಕ್ಕ ನಮ್ಮ ಮನಿಂದ ತರ್ತೇನಿ."

ನಮ್ಮ ಕಡೆ ಶೇಂಗಾ ಅಂದರೆ ಕಾಳು. ಹುರಿದು ಕುಟ್ಟಿದ ಮೇಲೆ ಅದು ಬರೇ ಪುಡಿ, ಉಪ್ಪು ಖಾರದ ಸಾಲಿಗೆ ಸೇರಿಬಿಡುತ್ತದೆ; ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿರೇವಡ್ಡಟ್ಟಿಯ ನನ್ನ ಅವ್ವನನ್ನು ಕೇಳಿದ್ದರೆ ಅವಳೂ ಹಾಗೇ ಹೇಳುತ್ತಿದ್ದಳು. ಆಗ ಇದು ನನಗೆ ಹೊಳೆಯಬೇಕಲ್ಲ? ನಾನು ಶಾಲೆಯ ಹೆಂಚು ಹಾರುವಂತೆ ಕೂಗಾಡಿದೆ. "ನನ್ನ ಮಗಳನ್ನ ಕೊಲ್ಲಾಕ ನಿಂತೀಯೇನ?" ಎಂದೂ ಅಂದೆ. ಚಾಚಿ ಸೌಟು ಕೆಳಗಿಟ್ಟು, ಅಲ್ಲೇ ಅಕ್ಕಿ ಚೀಲದ ಮೇಲೆ ಕುಸಿದು ಕೂತಳು.

ಮರುದಿನ ಹೋದಾಗ ಪಾತ್ರೆಗಳೆಲ್ಲ ಬೂದಿ ಹಚ್ಚಿ ತಿಕ್ಕಿಸಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು. ಪುಡಿಯ ಡಬ್ಬಿ ಇರಲಿಲ್ಲ. "ರಾತ್ರಿ ನಿದ್ದಿ ಹತ್ಲಿಲ್ರಿ ಅಕ್ಕಾರ. ಅದು ಎಲ್ಲೆಲ್ಲಿ ಇರ್ತೈತಿ, ಎಲ್ಲಾ ಹೇಳ್ರಿ," ಎಂದಳು. ನಾನು ಹೇಳಿದೆ: ಹಿಂಡಿ, ಉಂಡಿ, ಹೋಳಿಗೆ, ಚುರುಮುರಿ, ಎಣ್ಣೆಗಾಯಿ, ಉಪ್ಪಿಟ್ಟು... ಚಾಚಿ ಬೆರಳು ಮಡಚುತ್ತ ಮಡಚುತ್ತ ಕಣ್ಣರಳಿಸಿದಳು. "ಯಾ ಅಲ್ಲಾ! ಮತ್ತ ನಮ್ಮ ಮಂದಿ ತಿನ್ನೋದರೆ ಏನರಿ?" ಇಬ್ಬರಿಗೂ ನಗು ಬಂತು.

ಅಷ್ಟಕ್ಕೇ ಬಿಡಲಿಲ್ಲ ಅವಳು. ಮಕ್ಕಳೆಲ್ಲ ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಹಿಂಡಿ ತಿಂದೇ ಬರುತ್ತವಲ್ಲ, ಆ ಕೈಯಲ್ಲೇ ನನ್ನ ಮಗಳ ಕೈ ಹಿಡಿಯುತ್ತವಲ್ಲ? "ನಾವು ನಮಾಜಕ್ಕ ಮೊದಲ ಕೈ ಬಾಯಿ ತೊಳ್ಯಂಗಿಲ್ಲೇನ್ರಿ, ಹಂಗ," ಎಂದು ಒಂದು ಕಾಯಿದೆ ತಂದಳು. ಬೆಳಿಗ್ಗೆ ಬಂದೊಡನೆ ಒಮ್ಮೆ, ಊಟಕ್ಕೆ ಮೊದಲು ಒಮ್ಮೆ, ನಳದ ಮುಂದೆ ಪಾಳಿ. ಸಾಬೂನು, ಮುಕ್ಕಳಿಸುವುದು, ಆಮೇಲೆ ಚಾಚಿಯ ಮೂಗಿನ ಮುಂದೆ ಎರಡೂ ಕೈ. ವಾಸನೆ ಬಂತೋ, "ಲೇ ಕಳ್ಳಾ, ಹಿಂದಕ್ಕ ನಡಿ!" ಒಮ್ಮೆ ಹೆಡ್‌ಮಾಸ್ತರರನ್ನೇ ಹಿಂದಕ್ಕೆ ಕಳಿಸಿದಳಂತೆ. ಹುಡುಗರಿಗೆ ಇದು ಆಟವೇ ಆಯಿತು. ನನ್ನ ಮಗಳಿಗೂ ಕೈ ಮೂಸುವ ಅಧಿಕಾರ ಸಿಕ್ಕಿ, ಅವಳು ಚಾಚಿಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

ಈಗ ಅವಳು ಸಾಲಿನಲ್ಲೇ ಕೂತು ಚಾಚಿಯ ಅನ್ನ ಉಣ್ಣತೊಡಗಿದಳು. ನಾನು ಮಾತ್ರ ಕಾವಲು ಬಿಡಲಿಲ್ಲ. ದಿನಾ ಹೋಗಿ ಸಾರಿನ ರುಚಿ ನೋಡಿ, ಮೊದಲ ತುತ್ತು ನನ್ನ ಕೈಯಿಂದಲೇ ಅವಳ ಬಾಯಿಗೆ ಇಟ್ಟರೇ ನನಗೆ ಸಮಾಧಾನ. ನನ್ನನ್ನು ಬಿಟ್ಟರೆ ಈ ಕೂಸಿನ ಕಾಳಜಿ ಯಾರಿಗಿದೆ ಎಂಬ ಸೊಕ್ಕು.

ಮದುವೆಯ ಸುಗ್ಗಿ ಇತ್ತು. ಹತ್ತಿರದ ಮಾಗಡಿಯಿಂದ ಕುಪ್ಪಸ ಒಯ್ಯಲು ಬಂದ ಗಿರಾಕಿಯೊಬ್ಬಳು ಬುತ್ತಿ ಬಿಚ್ಚಿ, "ಅಕ್ಕಾ, ಒಂದ ತುತ್ತ ತಗೋರಿ," ಎಂದಳು. ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕಾಯಿಯ ಹೊಟ್ಟೆ ತುಂಬ ಪುಡಿ, ಮೇಲೆ ಎಣ್ಣೆ ತೇಲುತ್ತಿತ್ತು. ಮೂರು ವರ್ಷದ ಉಪವಾಸ ನನ್ನದು. ಅಂಗಡಿಯಲ್ಲಿ ತಿಂದರೆ ಯಾರಿಗೇನು? ಒಂದಲ್ಲ, ಎರಡು ರೊಟ್ಟಿ ತಿಂದೆ. ಗಡಿಯಾರ ನೋಡಿದರೆ ಒಂದೂಕಾಲು! ಕೈಯನ್ನು ಚಿಂದಿ ಬಟ್ಟೆಗೆ ಒರೆಸಿ, ಬಾಗಿಲು ಎಳೆದು, ಶಾಲೆಗೆ ಓಡಿದೆ.

ಮಕ್ಕಳು ಆಗಲೇ ಕೂತಿದ್ದವು. ಮಗಳ ತಾಟಿಗೆ ಕೈ ಹಾಕಿ, ಕಲಸಿ, ತುತ್ತು ಎತ್ತಿ ಅವಳ ತುಟಿಯ ಹತ್ತಿರ ಒಯ್ದೆ. ಅವಳು ಬಾಯಿ ತೆರೆಯಲಿಲ್ಲ. ತುಟಿ ಬಿಗಿದು, ಮೂಗು ಅರಳಿಸಿ, ನನ್ನ ಕೈಯನ್ನು ಮೂಸಿದಳು. ಮತ್ತೊಮ್ಮೆ ಮೂಸಿ, ತಾಟು ದೂಡಿ ಎದ್ದು ನಿಂತು ಕೂಗಿದಳು, "ಚಾಚೀ! ನಮ್ಮವ್ವ ಶೇಂಗಾ ತಿಂದಾಳ!"

ತುತ್ತು ಕೈಯಲ್ಲೇ ಇತ್ತು. ಮೂರು ವರ್ಷ ಊರನ್ನೆಲ್ಲ ಬೈದವಳು, ಆ ವಿಷವನ್ನು ನನ್ನ ಬೆರಳಿನಲ್ಲೇ ಹೊತ್ತು ತಂದಿದ್ದೆ. ಚಾಚಿ ಓಡಿ ಬಂದಳು. ಮೊದಲು ಮಗಳ ತುಟಿ, ಕೈ ನೋಡಿದಳು, ಏನೂ ತಾಕಿರಲಿಲ್ಲ. ಆ ತಾಟು ತೆಗೆದು ದೂರ ಇಟ್ಟಳು. ನಾನು ಅವತ್ತು ಅವಳಿಗೆ ಅಂದದ್ದನ್ನು ಅವಳು ನನಗೆ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಕೈಗೆ ಸಾಬೂನು ಕೊಟ್ಟು, "ಬರ್ರಿ ಅಕ್ಕಾರ, ಹೆದರಬ್ಯಾಡ್ರಿ. ಹುಡುಗಿ ಶಾಣ್ಯಾ ಅದಾಳ," ಎಂದಳು. ನಳದ ಹತ್ತಿರ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿದಳು, "ಪಾಳಿ ಹಚ್ರಿ ಅಕ್ಕಾರ, ಹಿಂದ ನಿಂದರ್ರಿ." ನಿಂತೆ. ನಗು, ಅಳು ಎರಡೂ ಒಟ್ಟಿಗೇ ಬಂದವು.

ಮನೆಗೆ ಹೋಗುವಷ್ಟರಲ್ಲಿ ಅತ್ತೆಗೆ ಖಬರು ಮುಟ್ಟಿತ್ತು. "ಹೇಳೋದು ಆಚಾರ, ತಿನ್ನೋದು ಬದನಿಕಾಯಿ," ಎಂದು ಗಾದೆ ಒಗೆದರು. ನಾನು ತಿಂದದ್ದೂ ಅದನ್ನೇ ಅಲ್ಲವೇ!

ಮರುದಿನ ಒಂದು ಗಂಟೆಗೆ ನಾನು ಅಂಗಡಿಯ ಬಾಗಿಲು ಎಳೆಯಲಿಲ್ಲ. ಮಷೀನಿನ ಮುಂದೆ ಕೂತು ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿದೆ. ನಾಲ್ಕೂವರೆಗೆ ಮಗಳು ಬಂದಳು, ಕೆನ್ನೆಯ ಮೇಲೆ ಸಾರಿನ ಕಲೆ.

"ಮೊದಲನೇ ತುತ್ತ ಯಾರ ಕೊಟ್ರವ್ವಾ?" ಎಂದೆ.

"ಯಾರಿಲ್ಲ. ನಾನ ಉಂಡೆ," ಎಂದಳು. ಆಮೇಲೆ ನನ್ನ ಎರಡೂ ಕೈ ಹಿಡಿದು, ತಿರುಗಿಸಿ ಮುರುಗಿಸಿ ಮೂಸಿ ನೋಡಿ, ತೊಡೆಯ ಮೇಲೆ ಹತ್ತಿ ಕೂತಳು.