ಎರಡು ಸೆಕೆಂಡು ಎಲ್ಲಿ ಹೋಯಿತು?

ನಾನು ಚಿಕ್ಕವಳಿದ್ದಾಗ ಕಾರ್ಕಳದ ಪೇಟೆಯಲ್ಲಿ ನಮ್ಮದೊಂದು ಅಕ್ಕಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಮನೆಯೊಳಗೆಲ್ಲ ಕುಚ್ಚಲಕ್ಕಿಯ, ಗೋಣಿಚೀಲದ ವಾಸನೆ. ಸೇರಿನಲ್ಲಿ ಅಕ್ಕಿ ಅಳೆಯುವಾಗ ಅಪ್ಪ ಮೊದಲ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು... ಅಕ್ಕನೂ ನಾನೂ ಎಣಿಸಲು ಕಲಿತದ್ದು ಹೀಗೆಯೇ.

ಅಕ್ಕ ಆಗ ಪಿಯುಸಿ ಓದುತ್ತಿದ್ದಳು. ಲೋಲಕದ ಪ್ರಯೋಗದಲ್ಲಿ ಎಡವಟ್ಟಾಗಿತ್ತು. ನೂರು ಸೆಂಟಿಮೀಟರ್ ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟರೆ, ಅದು ಇಪ್ಪತ್ತು ಸಲ ಹೋಗಿ ಬರಲು ಸುಮಾರು ನಲವತ್ತು ಸೆಕೆಂಡು ಬೇಕು. ಅಕ್ಕನಿಗೆ ಸಿಕ್ಕಿದ್ದು ಮೂವತ್ತೆಂಟು. ಸೋಮವಾರ ಸರಿಮಾಡಿ ತೋರಿಸದಿದ್ದರೆ ರೆಕಾರ್ಡಿಗೆ ಸಹಿ ಇಲ್ಲ ಎಂದು ಲೆಕ್ಚರರು ಹೇಳಿಬಿಟ್ಟಿದ್ದರು. ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಚಾವಡಿಯ ಮಾಡಿನ ಅಡಿಯ ಮರದ ಪಕ್ಕಾಸಿಗೆ ದಾರ ಇಳಿಬಿಟ್ಟು ಉರುಟು ಕಲ್ಲೊಂದನ್ನು ಕಟ್ಟಿದೆವು. ಅಪ್ಪನ ವಾಚು ಹಿಡಿದವಳು ಅಕ್ಕ, ಎಣಿಸುವವಳು ನಾನು. ಮತ್ತೆ ಮೂವತ್ತೆಂಟೇ! ಗಾಳಿಯ ಕಾಟವಿರಬಹುದೆಂದು ಕಿಟಕಿ ಮುಚ್ಚಿದೆವು. ಸೆಖೆಗೆ ಬೆವರು ಕಣ್ಣಿಗಿಳಿಯಿತು. ದಾರವನ್ನು ಮತ್ತೆ ಅಳೆದೆವು, ವಾಚನ್ನು ರೇಡಿಯೋ ಸಮಯಕ್ಕೆ ಹೋಲಿಸಿ ನೋಡಿದೆವು. ಎಲ್ಲಿಯೂ ತಪ್ಪಿಲ್ಲ.

“ಎಲ್ಲ ಸರಿ ಉಂಟು ಮಾರಾಯ್ತಿ, ಮತ್ತೆ ಎಂತ ತಪ್ಪು?” ಎಂದು ಅಕ್ಕ ನೆಲದ ಮೇಲೆ ಕುಸಿದು ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೂ ಅಳು ಬಂತು.

ಅಷ್ಟರಲ್ಲಿ ಅಂಗಡಿಯಲ್ಲಿ ಅಪ್ಪ ಯಾರಿಗೋ ಅಕ್ಕಿ ಅಳೆಯತೊಡಗಿದರು. ನಾನು ಸುಮ್ಮನೆ ಬಾಗಿಲಿಗೊರಗಿ ನೋಡಿದೆ. ಸೇರು ತುಂಬಿತು, ಅಕ್ಕಿ ಸರಸರನೆ ಚೀಲಕ್ಕೆ ಬಿತ್ತು, ಆಮೇಲೆ ಅಪ್ಪನ ಬಾಯಲ್ಲಿ ‘ಲಾಭ’ ಬಂತು. ನಾನು ಒಳಗೆ ಓಡಿದೆ.

“ಅಕ್ಕಾ, ಅಪ್ಪ ಅಕ್ಕಿ ಸುರಿದ ಮೇಲೆ ಲಾಭ ಹೇಳುವುದು. ನಾವು ಕಲ್ಲು ಬಿಡುವಾಗಲೇ ಹೇಳುವುದು. ಆಗ ಅದು ಒಂದು ಸಲವೂ ತೂಗಿರುವುದಿಲ್ಲ ಅಲ್ವಾ?”

ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದಳು. ನಾವು ಇಪ್ಪತ್ತು ಎಂದಾಗ ಕಲ್ಲು ತೂಗಿದ್ದು ಹತ್ತೊಂಬತ್ತೇ ಸಲ! ಕಾಲೇಜಿನಲ್ಲಿ ಅವಳು ಎಣಿಸಿದ್ದೂ ಹಾಗೆಯೇ. ಈ ಸಲ ಕಲ್ಲು ಬಿಡುವಾಗ ಸೊನ್ನೆ ಎಂದೆ, ಅದು ಹೋಗಿ ಬಂದ ಮೇಲೆ ಒಂದು ಎಂದೆ. ಇಪ್ಪತ್ತಕ್ಕೆ ಸರಿಯಾಗಿ ನಲವತ್ತು ಸೆಕೆಂಡು. ಅಕ್ಕ ಕೂಗಿದ ಕೂಗಿಗೆ ಅಪ್ಪ ಸೇರು ಹಿಡಿದುಕೊಂಡೇ ಓಡಿ ಬಂದರು.

ಮರುದಿನ ಸಹಿ ಬಿತ್ತು. ರೆಕಾರ್ಡಿನಲ್ಲಿ ದೋಷದ ಮೂಲ ಎಂಬಲ್ಲಿ ಅಕ್ಕ, “ಎಣಿಕೆಯ ಆರಂಭ. ಕಂಡುಹಿಡಿದವಳು: ನನ್ನ ತಂಗಿ, ಮೂರನೇ ತರಗತಿ” ಎಂದು ಬರೆದಿದ್ದಳು. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಕ್ಕಳೇ, ಇಂದು ನಿಮ್ಮ ಮೊಬೈಲು ಒಂದು ಸೆಕೆಂಡನ್ನೂ ನೂರು ಚೂರು ಮಾಡಿ ತೋರಿಸುತ್ತದೆ. ನಮಗಿದ್ದದ್ದು ದಿನವೂ ಕೀಲಿ ಕೊಡಬೇಕಾದ ಒಂದು ವಾಚು. ನಂಬಿಕೆ ಬಾರದಿದ್ದರೆ ಬನ್ನಿ, ಇವತ್ತೇ ದಾರ ಕಟ್ಟೋಣ. ಮೊಬೈಲು ನೀವೇ ಹಿಡಿಯಿರಿ, ಎಣಿಸುವವಳು ಮಾತ್ರ ನಾನು.