ಕಾಲುವೆಗೆ ಹಸಿರು ಬಣ್ಣ

ನೀರಿನ ತಪಾಸಣೆ ನನ್ನ ಕೆಲಸ. ರಾಮನಗರದ ಒಂದು ಬೀದಿಯಲ್ಲಿ ರೇಷ್ಮೆಗೂಡು ಬೇಯಿಸಿದ ನೀರನ್ನು ಯಾರೋ ಕದ್ದುಮುಚ್ಚಿ ಮಳೆನೀರಿನ ಕಾಲುವೆಗೆ ಬಿಡುತ್ತಿದ್ದಾರೆಂದು ನನಗೆ ಗುಮಾನಿಯಿತ್ತು.

ನೂಲು ತೆಗೆಯುವ ಘಟಕದ ಯಜಮಾನರು, "ನಮ್ದೆಲ್ಲಾ ಇಂಗುಗುಂಡಿಗೇ ಹೋಯ್ತದೆ ಸಾರ್, ಬೇಕಾದ್ರೆ ನೋಡ್ಕಳಿ" ಎಂದರು. ನೋಡಿದೆ. ಗುಂಡಿಯಲ್ಲಿ ತೇವವೇ ಇರಲಿಲ್ಲ.

ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯಲು, ಅಪಾಯವಿಲ್ಲದ ಹಸಿರು ಬಣ್ಣವನ್ನು ಒಂದು ಬಕೆಟ್ ನೀರಿಗೆ ಕಲಸಿ ಅವರ ಘಟಕದ ಬಚ್ಚಲಿಗೆ ಸುರಿದೆ. ಖಾಲಿ ಬಕೆಟ್ ಹಿಡಿದುಕೊಂಡೇ ಹಿತ್ತಲಿನ ಕಾಲುವೆಗೆ ಓಡಿದೆ. ಸ್ವಲ್ಪ ಹೊತ್ತಿಗೆ ಅಲ್ಲಿ ಹಸಿರು ನೀರು ಹರಿದು ಬಂತು. ನಾನು ಹಿಗ್ಗುವಷ್ಟರಲ್ಲಿ, ಪಕ್ಕದ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬರು ಕೂಗಿದರು.

"ಏನಯ್ಯಾ ಅದು ಸುರಿದಿದ್ದು? ನಮ್ ಬೋರ್‌ವೆಲ್ ಇಲ್ಲೇ ಐತೆ!"

"ನಾನಲ್ಲಮ್ಮಾ... ಅಂದ್ರೆ ಸುರಿದಿದ್ದು ನಾನೇ, ಆದ್ರೆ ಇಲ್ಲಲ್ಲ."

ಗುರುತಿನ ಚೀಟಿ ತೋರಿಸಿದೆ.

"ಇಂಥ ಕಾರ್ಡ್ ಯಾರ್ ಬೇಕಾದ್ರೂ ಮಾಡಿಸ್ಕತಾರೆ" ಎಂದು ಬಕೆಟ್ ಸಮೇತ ನನ್ನ ಫೋಟೊ ಹೊಡೆದುಕೊಂಡರು.

ಇಂಗುಗುಂಡಿ ತಪ್ಪಿಸಿ ಕಾಲುವೆಗೆ ಹಾಕಿದ್ದ ಕಳ್ಳ ಪೈಪನ್ನು ಮುಚ್ಚಿಸಿದ್ದಾಯಿತು. ಆದರೆ ಬಕೆಟ್ ಹಿಡಿದವನೊಬ್ಬ ಕಾಲುವೆಯ ನೀರನ್ನು ಹಸಿರು ಮಾಡಿದನೆಂದು ಅದೇ ವಾರ ಆಕೆಯ ದೂರು ಫೋಟೊ ಸಮೇತ ಕಚೇರಿಗೆ ಬಂತು. ತನಿಖೆ ಮಾಡಿ ವರದಿ ಕೊಡಿ ಎಂದು ಸಾಹೇಬರು ಅದನ್ನು ನನ್ನ ಮೇಜಿಗೇ ಕಳಿಸಿದ್ದಾರೆ. ಎರಡು ಸಲ ಓದಿದೆ. ಅದರಲ್ಲಿ ಸುಳ್ಳು ಅಂತ ಒಂದಕ್ಷರವೂ ಇಲ್ಲ.